ಒಂದು ಕೋಣೆ ಬೆಚ್ಚಗೆ, ಒಂದು ಕೋಣೆ ತಣ್ಣಗೆ



ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಬೇಸಿಗೆಯುದ್ದಕ್ಕೂ ಸುಮ್ಮನಿದ್ದ ಹೀಟಿಂಗ್ ಅಲ್ಲಿನ ಮನೆಗಳಲ್ಲಿ ಮತ್ತೆ ಶುರುವಾಗುತ್ತದೆ. ಓದಲೆಂದೋ ಕೆಲಸಕ್ಕೆಂದೋ ಅಲ್ಲಿಗೆ ಹೋಗಿ ಬಾಡಿಗೆ ಮನೆ ಹಿಡಿದಿರುವ ನಮ್ಮ ಮಕ್ಕಳು ಊರಿಗೆ ಫೋನ್ ಮಾಡಿದಾಗ ಹೇಳುವ ಕಷ್ಟಗಳಲ್ಲಿ ಇದೂ ಒಂದು: "ಹಾಲ್ ಬೆಚ್ಚಗಿದೆ, ನನ್ನ ರೂಮು ಮಾತ್ರ ಕೊರೆಯುತ್ತಿದೆ." ಇವತ್ತಿನ ಮಾತು ಆ ತಣ್ಣನೆಯ ರೇಡಿಯೇಟರಿನ ಬಗ್ಗೆ.

ಮೊದಲು ವ್ಯವಸ್ಥೆ ಏನೆಂದು ನೋಡೋಣ. ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಒಂದು ಗ್ಯಾಸ್ ಬಾಯ್ಲರ್ ಇರುತ್ತದೆ. ಅದು ನೀರು ಕಾಯಿಸುತ್ತದೆ, ಪಂಪು ಆ ನೀರನ್ನು ಕೊಳವೆಗಳಲ್ಲಿ ತಳ್ಳುತ್ತದೆ. ಕೋಣೆಕೋಣೆಯ ಗೋಡೆಗೆ ಹಾಕಿರುವ ಉಕ್ಕಿನ ರೇಡಿಯೇಟರುಗಳಲ್ಲಿ ಹರಿದು, ಶಾಖ ಬಿಟ್ಟುಕೊಟ್ಟು, ನೀರು ಬಾಯ್ಲರಿಗೆ ಮರಳುತ್ತದೆ. ತಿರುಗುವುದು ಅದೇ ನೀರು. ಪ್ರತಿ ರೇಡಿಯೇಟರಿನ ಕೆಳಗೂ ಎರಡು ವಾಲ್ವ್ ಇರುತ್ತವೆ. ಒಂದರ ತಲೆಯ ಮೇಲೆ ಸಾಮಾನ್ಯವಾಗಿ ಒಂದರಿಂದ ಐದರವರೆಗೆ ಅಂಕಿಗಳು. ಇದು ಕೋಣೆಯ ಬಿಸಿ ನೋಡಿ ತಾನೇ ತೆರೆದು ಮುಚ್ಚುವ ಥರ್ಮೋಸ್ಟಾಟಿಕ್ ವಾಲ್ವ್. ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಟೋಪಿಯ ಕೆಳಗೆ ಅಡಗಿರುವುದು, ನೀರಿನ ಹರಿವನ್ನು ಹೊಂದಿಸುವ ಲಾಕ್‌ಶೀಲ್ಡ್ ವಾಲ್ವ್.

ಕೋಣೆ ತಣ್ಣಗಿದ್ದರೆ ಜನ ಮೊದಲು ಮಾಡುವುದು ಇಡೀ ಮನೆಯ ಹೀಟಿಂಗ್ ನಿಯಂತ್ರಿಸುವ ಥರ್ಮೋಸ್ಟಾಟಿನ ಅಂಕಿ ಏರಿಸುವುದು. ಇದರಿಂದ ಗ್ಯಾಸ್ ಬಿಲ್ಲು ಏರುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಅದರ ಬದಲು ರೇಡಿಯೇಟರನ್ನು ಕೈಯಿಂದ ಮುಟ್ಟಿ ನೋಡಿ, ಮೇಲೆ, ಕೆಳಗೆ, ಎರಡೂ ಬದಿಯ ಕೊಳವೆಗಳ ಮೇಲೆ. ಬಿಸಿ ಕೊಳವೆ ಸುಡಬಹುದು, ಹುಷಾರು. ತಣ್ಣಗಿರುವ ಜಾಗವೇ ಕಾರಣವನ್ನು ಹೇಳುತ್ತದೆ.

ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ನಿಲ್ಲಿಸಿ, ನೀರು ಆರಲು ಬಿಡಿ. ರೇಡಿಯೇಟರಿನ ಮೇಲ್ತುದಿಯ ಒಂದು ಬದಿಯಲ್ಲಿ ಚೌಕ ತಲೆಯ ಸಣ್ಣ ತಿರುಪು ಇರುತ್ತದೆ. ಅದಕ್ಕೆ ಹೊಂದುವ ಪುಟ್ಟ ಕೀಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಕೆಳಗೆ ಬಟ್ಟೆ ಹಿಡಿದು, ಎಡಕ್ಕೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ತಿರುಗಿಸಿ. ಬುಸ್ಸೆಂದು ಗಾಳಿ ಹೊರಡುತ್ತದೆ, ಆಮೇಲೆ ನೀರು ಚಿಮ್ಮುತ್ತದೆ. ನೀರು ಕಂಡ ಕೂಡಲೇ ಮುಚ್ಚಿ. ಆ ನೀರು ಹಲವು ಸಲ ಕಪ್ಪಗಿರುತ್ತದೆ, ಕಾರ್ಪೆಟ್ಟಿಗೆ ಬಿದ್ದರೆ ಕಲೆ ಹೋಗುವುದಿಲ್ಲ. ಹೀಟಿಂಗ್, ನಲ್ಲಿಯ ಬಿಸಿನೀರು ಎರಡನ್ನೂ ಕೊಡುವ ಈಗಿನ ಕಾಂಬಿ ಬಾಯ್ಲರುಗಳಲ್ಲಿ ಗಾಳಿ ಬಿಟ್ಟಮೇಲೆ ಒತ್ತಡ ಇಳಿದಿರುತ್ತದೆ. ತಣ್ಣಗಿರುವಾಗ ಒತ್ತಡಮಾಪಕದ ಮುಳ್ಳು ಒಂದರಿಂದ ಒಂದೂವರೆ ಬಾರ್ ನಡುವೆ ಇರಬೇಕು. ಕಡಿಮೆಯಾಗಿದ್ದರೆ ಬಾಯ್ಲರಿನ ಕೈಪಿಡಿ ಹೇಳಿದಂತೆ ನೀರು ತುಂಬಿಸಿ, ನಲ್ಲಿಯನ್ನು ಮರೆಯದೆ ಮುಚ್ಚಿ.

ಎರಡು ಮೂರು ವಾರಕ್ಕೊಮ್ಮೆ ಅದೇ ರೇಡಿಯೇಟರಿನಲ್ಲಿ ಗಾಳಿ ತುಂಬುತ್ತಿದ್ದರೆ ಅದು ಬರೀ ಗಾಳಿಯಲ್ಲದಿರಬಹುದು. ಉಕ್ಕು ಒಳಗೆ ತುಕ್ಕು ಹಿಡಿಯುವಾಗ ಹೈಡ್ರೋಜನ್ ಹುಟ್ಟುತ್ತದೆ, ಅದು ಬೆಂಕಿ ಹಿಡಿಯುವ ಅನಿಲ. ಗಾಳಿ ಬಿಡುವಾಗ ಹತ್ತಿರದಲ್ಲಿ ಮೇಣದಬತ್ತಿ, ಸಿಗರೇಟು ಬೇಡ.

ಇದೇ ತುಕ್ಕು ಕಪ್ಪು ಕೆಸರಾಗಿ ತಳದಲ್ಲಿ ಕೂರುತ್ತದೆ. ಮೇಲೆ ಬಿಸಿ, ಕೆಳಗೆ ನಡುಭಾಗದಲ್ಲಿ ತಣ್ಣಗಿದ್ದರೆ ಕಾರಣ ಇದು. ಈ ಕೆಸರು ಮುಖ್ಯವಾಗಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ತೊಳೆಸುವುದು ತಜ್ಞರ ಕೆಲಸ. ತೊಳೆದ ಮೇಲೆ ತುಕ್ಕು ತಡೆಯುವ ರಾಸಾಯನಿಕ ಹಾಕಿಸಬೇಕು, ಅಯಸ್ಕಾಂತದ ಫಿಲ್ಟರನ್ನೂ ಕೂಡಿಸಿದರೆ ಒಳ್ಳೆಯದು.

ಇನ್ನು, ರೇಡಿಯೇಟರ್ ಪೂರ್ತಿ ತಣ್ಣಗಿದೆ, ವಾಲ್ವಿಗೆ ಬರುವ ಕೊಳವೆ ಮಾತ್ರ ಬಿಸಿಯಾಗಿದೆ ಎಂದಿಟ್ಟುಕೊಳ್ಳಿ. ಚಳಿಗಾಲದ ಆರಂಭದಲ್ಲಿ ಇದು ಬಹಳ ಸಾಮಾನ್ಯ. ಅಂಕಿಗಳಿರುವ ತಲೆಯನ್ನು ಪೂರ್ತಿ ತೆರೆದ ಸ್ಥಾನಕ್ಕೆ ತಿರುಗಿಸಿ, ಕೆಳಗಿನ ಉಂಗುರ ಸಡಿಲಿಸಿ, ಮೇಲಕ್ಕೆತ್ತಿದರೆ ಒಂದು ಸಣ್ಣ ಲೋಹದ ಪಿನ್ ಕಾಣುತ್ತದೆ. ಬೆರಳಿಗೆ ಬಟ್ಟೆ ಸುತ್ತಿ ಮೆಲ್ಲಗೆ ಒತ್ತಿದರೆ ಅದು ಒಳಗೆ ಹೋಗಿ ತಾನೇ ಹೊರಬರಬೇಕು. ಬೇಸಿಗೆಯಿಡೀ ವಾಲ್ವ್ ಮುಚ್ಚಿಟ್ಟಿದ್ದರೆ ಈ ಪಿನ್ ಒಳಗೇ ಕಚ್ಚಿಕೊಂಡಿರಬಹುದು. ಪಕ್ಕದಿಂದ ಮೃದುವಾಗಿ ತಟ್ಟಿ, ಒತ್ತಿ ಬಿಟ್ಟು ಮಾಡಿದರೆ ಹಲವು ಸಲ ಸಡಿಲವಾಗುತ್ತದೆ. ಇಕ್ಕಳ ಹಿಡಿದು ಎಳೆಯಲು ಮಾತ್ರ ಹೋಗಬೇಡಿ. ಪಿನ್ ಕಿತ್ತು ಬಂದರೆ ನೀರು ಚಿಮ್ಮಿ ಕೋಣೆ ತುಂಬುತ್ತದೆ. ಪಿನ್ ಸರಿಯಿದ್ದೂ ಬಿಸಿ ಬಾರದಿದ್ದರೆ ಇನ್ನೊಂದು ಬದಿಯ ಲಾಕ್‌ಶೀಲ್ಡ್ ನೋಡಿ. ಬಣ್ಣ ಬಳಿಯಲು ರೇಡಿಯೇಟರ್ ಬಿಚ್ಚಿದವರು ಅದನ್ನು ಮುಚ್ಚಿ ಹಾಗೇ ಮರೆತು ಹೋಗಿರುವುದುಂಟು.

ಈಗ ನನ್ನ ಪ್ರಕಾರ ಜನ ಅತಿ ಕಡಿಮೆ ಗಮನ ಕೊಡುವ ಕಾರಣಕ್ಕೆ ಬರುತ್ತೇನೆ. ಗಾಳಿ ಇಲ್ಲ, ಕೆಸರಿಲ್ಲ, ವಾಲ್ವ್ ಸರಿಯಿದೆ. ಆದರೂ ಬಾಯ್ಲರಿಗೆ ದೂರದ ಕೋಣೆ ಬಿಸಿಯಾಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರನ್ನು ಕೇಳಿದರೆ ಇದರ ಕಾರಣ ಕೂಡಲೇ ಹೇಳಿಯಾರು: ಮೇಲಿನ ತೂಬುಗಳು ಪೂರ್ತಿ ತೆರೆದಿದ್ದರೆ ಕೆಳಗಿನ ಹೊಲಕ್ಕೆ ನೀರು ಮುಟ್ಟುವುದಿಲ್ಲ. ನೀರು ಹತ್ತಿರದ, ಸಲೀಸಾದ ದಾರಿ ಹಿಡಿಯುತ್ತದೆ. ಪರೀಕ್ಷೆ ಸುಲಭ. ಉಳಿದೆಲ್ಲ ರೇಡಿಯೇಟರುಗಳನ್ನು ಮುಚ್ಚಿ ನೋಡಿ. ತಣ್ಣಗಿದ್ದುದು ಆಗ ಬಿಸಿಯಾದರೆ ದೋಷ ಹಂಚಿಕೆಯದು. ಹಾಲ್‌ನಲ್ಲಿ ಥರ್ಮೋಸ್ಟಾಟ್ ಇದ್ದರಂತೂ ಕಷ್ಟ ಇಮ್ಮಡಿ. ಹಾಲ್ ಬಿಸಿಯಾದೊಡನೆ ಅದು ಬಾಯ್ಲರನ್ನು ನಿಲ್ಲಿಸುತ್ತದೆ, ದೂರದ ಕೋಣೆಯ ಸರದಿ ಬರುವುದೇ ಇಲ್ಲ.

ಪರಿಹಾರ ತಾಳ್ಮೆಯದು. ಎಲ್ಲ ವಾಲ್ವ್ ತೆರೆದು, ತಣ್ಣಗಿನ ಸ್ಥಿತಿಯಿಂದ ಹೀಟಿಂಗ್ ಹಾಕಿ, ಯಾವ ರೇಡಿಯೇಟರ್ ಮೊದಲು ಬಿಸಿಯಾಯಿತು, ಯಾವುದು ಕೊನೆಗೆ ಎಂದು ಬರೆದುಕೊಳ್ಳಿ. ಮೊದಲು ಬಿಸಿಯಾದದ್ದರ ಲಾಕ್‌ಶೀಲ್ಡನ್ನು ಪೂರ್ತಿ ಮುಚ್ಚಿ, ಮತ್ತೆ ಕಾಲು ಸುತ್ತು ಮಾತ್ರ ತೆರೆಯಿರಿ. ನಂತರದವಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು, ಕೊನೆಯದಕ್ಕೆ ಪೂರ್ತಿ. ಪ್ರತಿ ತಿರುವಿನ ನಂತರ ಪರಿಣಾಮ ಕಾಣಲು ಕಾಲು ಗಂಟೆಯಾದರೂ ಕಾಯಬೇಕು. ಇದಕ್ಕೆ ಒಂದು ಸ್ಪ್ಯಾನರ್ ಸಾಕು.

ಆದರೆ ಬಾಯ್ಲರಿನ ಹೊರಕವಚವನ್ನು ಮಾತ್ರ ನೀವು ಬಿಚ್ಚಬೇಡಿ. ಗ್ಯಾಸ್ ಉಪಕರಣಗಳ ಕೆಲಸ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವ ಎಂಜಿನಿಯರದ್ದು, ಅವರ ಗುರುತಿನ ಚೀಟಿ ಕೇಳಿ ನೋಡುವುದು ನಿಮ್ಮ ಹಕ್ಕು. ಬಾಡಿಗೆ ಮನೆಯಾದರೆ ವಾಲ್ವಿಗೆ ಕೈ ಹಾಕುವ ಮುನ್ನ ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಕರಾರಿನ ಮನೆಗಳ ಹೀಟಿಂಗ್ ದುರಸ್ತಿ ಮಾಲೀಕರ ಹೊಣೆ ಎಂದು 1985ರ ಮಾಲೀಕ-ಬಾಡಿಗೆದಾರರ ಕಾಯ್ದೆ ಹೇಳುತ್ತದೆ. ಹೊಸ ದೇಶದಲ್ಲಿ ಮಾಲೀಕರನ್ನು ಕೇಳಲು ಸಂಕೋಚಪಟ್ಟು ಚಳಿಯಲ್ಲಿ ಕೂರಬೇಡಿ. ಗ್ಯಾಸ್ ವಾಸನೆ ಬಂದರೆ ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಬಂದು 0800 111 999ಕ್ಕೆ ಕರೆ ಮಾಡಿ. ಹಗಲಿರಲಿ, ನಡುರಾತ್ರಿಯಿರಲಿ, ಆ ಕರೆಯನ್ನು ತೆಗೆದುಕೊಳ್ಳುತ್ತಾರೆ.