ಒಬ್ಬೊಬ್ಬರೇ ಹೋಗಬೇಡಿ
(ಡಾಕ್ಟರಿಕೆ ಓದಬೇಕೆಂದಿರುವ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ನಾಲ್ವರು ಇಂಥದ್ದೇ ಒಂದು ಹಾಸ್ಟೆಲ್ಲಿನ ಮುದ್ದೆ ತಿಂದು ಡಾಕ್ಟರಾದವರು. ಭಾಷಣ ಮಾಡಿ ಅಭ್ಯಾಸ ಇಲ್ಲ. ಅದಕ್ಕೇ ನಾಲ್ವರೂ ಕೂತು ಬರೆದುಕೊಂಡು ಬಂದಿದ್ದೇವೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ಡಾಕ್ಟರಾದ ಮೇಲೆ ಆರು ವರ್ಷ ನಾವು ಯಾವ ಹಾಸ್ಟೆಲ್ಲಿನ ಬಾಗಿಲಿಗೂ ಬರಲಿಲ್ಲ. ಡ್ಯೂಟಿ ಇತ್ತು, ಸಾಲ ಇತ್ತು ಅಂತ ಹೇಳಬಹುದು. ನಿಜ ಅದಲ್ಲ. ಬಾಡಿಗೆ ಮನೆ ಹುಡುಕುವಾಗ ಕೇರಿಯ ಹೆಸರು ಬಾಯಿಗೆ ಬರದ ಹಾಗೆ ನೋಡಿಕೊಂಡವರು ನಾವು. ಇಲ್ಲಿಗೆ ಬಂದರೆ ಗುರುತು ಸಿಕ್ಕಿಬಿಡುತ್ತಲ್ಲ ಅನ್ನೋ ಭಯ.

ನಾಲ್ವರು ಅಂದೆವು. ಸೀಟು ಸಿಕ್ಕಿದ್ದು ಐವರಿಗೆ. ಐದನೆಯವನ ಅಪ್ಪ ಸತ್ತ ದನದ ಚರ್ಮ ಸುಲಿಯುವ ಕೆಲಸದವನು. ಯಾವ ಮೂಳೆ ಯಾವ ಕೀಲಿಗೆ ಕೂರುತ್ತದೆ ಅನ್ನೋದನ್ನ ಚಿಕ್ಕಂದಿನಿಂದ ಕಣ್ಣಾರೆ ಕಂಡವನು ಅವನು. ಮೊದಲ ವರ್ಷದ ಅನಾಟಮಿ ವೈವಾದಲ್ಲಿ ತೊಡೆಯ ಮೂಳೆ ಕೈಗೆ ಕೊಟ್ಟ ಮೇಷ್ಟ್ರು, ಮೂಳೆಯ ಬಗ್ಗೆ ಕೇಳುವ ಮೊದಲು "ನಿನ್ನ ರ‍್ಯಾಂಕ್ ಎಷ್ಟು?" ಅಂದರು. ಆ ಪ್ರಶ್ನೆಯ ಅರ್ಥ ಕ್ಲಾಸಿಗೆಲ್ಲ ಗೊತ್ತು. ಜಾತಿ ಯಾವುದು ಅಂತ ನೇರ ಕೇಳೋಕಾಗಲ್ಲ, ಅದಕ್ಕೇ ರ‍್ಯಾಂಕ್ ಕೇಳೋದು. ಹಿಂದೆ ನಗು ಕೇಳಿಸಿತು. ಅವನಿಗೆ ಉತ್ತರ ಗೊತ್ತಿತ್ತು, ಆದರೆ ಇಂಗ್ಲಿಷಿನಲ್ಲಿ ನಾಲಿಗೆ ಹೊರಳಲಿಲ್ಲ. ನಾವು ನಾಲ್ವರೂ ಅದೇ ಸಾಲಿನಲ್ಲಿ ನಿಂತಿದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ. ಯುಗಾದಿಗೆ ಊರಿಗೆ ಹೋದವನು ವಾಪಸ್ ಬರಲಿಲ್ಲ.

ಇದು ನಮ್ಮ ಕಾಲೇಜಿನ ಕತೆ ಮಾತ್ರ ಅಂತ ತಿಳಿಯಬೇಡಿ. ದೆಹಲಿಯ ಏಮ್ಸ್ ಬಗ್ಗೆ ವಿಚಾರಣೆ ನಡೆಸಿದ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಕಿರುಕುಳ ತಾಳಲಾರದೆ ನಮ್ಮ ಹುಡುಗರು ಹಾಸ್ಟೆಲ್ಲಿನ ಮೇಲಿನ ಎರಡು ಮಹಡಿಗಳಿಗೆ ಹೋಗಿ ಸೇರಿಕೊಂಡಿದ್ದರು ಅನ್ನುತ್ತದೆ ಅದು. ದೇಶದ ದೊಡ್ಡ ಆಸ್ಪತ್ರೆಯೊಳಗೇ ಒಂದು ಕೇರಿ! ಹನ್ನೆರಡು ವರ್ಷ ಕಳೆದು, 2019ರ ಮೇ 22ರಂದು, ಮುಂಬಯಿಯಲ್ಲಿ ಆದಿವಾಸಿ ಡಾಕ್ಟರ್ ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡಳು. ಎಂಬಿಬಿಎಸ್ ಮುಗಿಸಿ ಮೇಲಿನ ಓದಿಗೆ ಹೋಗಿದ್ದವಳು. ಓದು ಬಾರದೆ ಸತ್ತವಳಲ್ಲ.

ವೈದ್ಯ ನಮಗೆ ಹೊರಗಿನ ವಿದ್ಯೆ ಅಂತ ಹೇಳುವವರಿದ್ದಾರೆ. 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಹೆಣ ಕೊಯ್ದದ್ದನ್ನು ದೊಡ್ಡ ಕ್ರಾಂತಿ ಅಂತ ಬರೆಯುತ್ತಾರೆ. ಹೆಣ ಮುಟ್ಟಿದರೆ ಜಾತಿ ಕೆಡುತ್ತದೆ ಅನ್ನೋ ಕಾಲ, ಆತನ ಧೈರ್ಯ ದೊಡ್ಡದೇ. ಆದರೆ ಆ ಕಾಲದಲ್ಲಿ ಊರಿನ ಸತ್ತ ದನ ಹೊತ್ತವರು ಯಾರು? ಎಷ್ಟೋ ಊರುಗಳಲ್ಲಿ ಹೆರಿಗೆ ಮಾಡಿಸಿ ಹೊಕ್ಕುಳಬಳ್ಳಿ ಕೊಯ್ದವರು ಯಾರ ಅವ್ವಂದಿರು? ಅವರು ಮುಟ್ಟಿದರೆ ವಿಜ್ಞಾನ, ನಾವು ಮುಟ್ಟಿದರೆ ಮೈಲಿಗೆ. ಹಾಗಂತ ಹಳೆಯದನ್ನು ಹೊಗಳುತ್ತಾ ಕೂರೋಣ ಅಂತಲ್ಲ. ನಮ್ಮಲ್ಲೊಬ್ಬರ ಅಜ್ಜಿ ಊರಿಗೆಲ್ಲ ಹೆರಿಗೆ ಮಾಡಿಸಿದಳು. ತನ್ನ ಎರಡು ಕೂಸು ಜ್ವರದಲ್ಲಿ ಹೋದಾಗ ನೋಡುತ್ತಾ ಕೂತಳು. ಅದಕ್ಕೇ ಈ ಓದು ಬೇಕು.

ಸೀಟು ಯಾರೂ ದಯೆ ತೋರಿ ಕೊಟ್ಟದ್ದಲ್ಲ. 1951ರಲ್ಲಿ ಮದರಾಸಿನ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಸೀಟುಗಳ ಮೀಸಲಾತಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಬಾಬಾಸಾಹೇಬರು ಆಗ ಕಾನೂನು ಮಂತ್ರಿ. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯಾಗಿ 15(4) ಬಂತು. 1962ರಲ್ಲಿ ನಮ್ಮ ಮೈಸೂರು ಸರ್ಕಾರ ನೂರಕ್ಕೆ 68 ಸೀಟು ಮೀಸಲಿಟ್ಟಾಗ ಕೋರ್ಟು ಅದನ್ನೂ ಹೊಡೆದುಹಾಕಿತು. ಅಷ್ಟು ಜಗಳ ದಾಟಿ ಬಂದ ಸೀಟನ್ನು ನಮ್ಮ ಗೆಳೆಯ ಒಂದು ನಗುವಿಗೆ ಬಿಟ್ಟುಬಂದ. ತಪ್ಪು ಅವನದಲ್ಲ, ಪಕ್ಕದಲ್ಲಿ ನಿಂತಿದ್ದ ನಮ್ಮದು.

ಈಗ ಪರೀಕ್ಷೆಯ ಮಾತು. ನೀಟ್ 720 ಅಂಕದ್ದು. ಅದರಲ್ಲಿ ಬಯಾಲಜಿ ಒಂದೇ 360. ಸರಿ ಉತ್ತರಕ್ಕೆ 4, ತಪ್ಪಿದರೆ 1 ಕಳೀತಾರೆ. ನಮ್ಮ ಹುಡುಗರು ಬಯಾಲಜಿ ಬಾಯಿಪಾಠ ಮಾಡಿ ಫಿಸಿಕ್ಸಿಗೆ ಹೆದರಿ ಕೂರುತ್ತಾರೆ. ಫಿಸಿಕ್ಸಿನ 180 ಬಿಟ್ಟರೆ ಸೀಟಿಲ್ಲ. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಪಕ್ಕದಲ್ಲೇ ಇಂಗ್ಲಿಷೂ ಇರುತ್ತದೆ. ಅರ್ಜಿ ತುಂಬುವಾಗಲೇ ಕನ್ನಡ ಅಂತ ಗುರುತು ಹಾಕಬೇಕು. ಓದುವಾಗ ಮಾತ್ರ ಎರಡೂ ಭಾಷೆಯ ಪದ ಕಲೀರಿ, ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲೇ.

ಇನ್ನೊಂದು. ನಮಗೆ 40ನೇ ಪರ್ಸೆಂಟೈಲು, ಸಾಮಾನ್ಯರಿಗೆ 50. ಅದು ಬರೀ ಅರ್ಹತೆಯ ಗೆರೆ. ಸರ್ಕಾರಿ ಸೀಟು ಸಿಗೋದು ಅದಕ್ಕಿಂತ ಬಹಳ ಮೇಲೆ. ಗೆರೆ ದಾಟಿದ ಕೂಡಲೇ ಬ್ರೋಕರ್ ಫೋನು ಮಾಡುತ್ತಾನೆ, "ಪಾಸಾಗಿದೀಯ, ಸೀಟು ಕೊಡಿಸ್ತೀನಿ" ಅಂತ. ಅವನ ಮಾತು ಕೇಳಿ ಅಪ್ಪನ ಅರ್ಧ ಎಕರೆ ಮಾರಿಸಬೇಡಿ. ಮೊದಲು ನಮಗೆ ಫೋನು ಮಾಡಿ.

ಬರುವ ಭಾನುವಾರದಿಂದ ಇದೇ ಊಟದ ಹಾಲಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಪಾಠ. ಮೊದಲು ಫಿಸಿಕ್ಸ್. ಹುಡುಗಿಯರ ಹಾಸ್ಟೆಲ್ಲಿನವರು ಕತ್ತಲಾಗುವ ಮೊದಲು ವಾಪಸ್ ಸೇರಬೇಕು, ಹಾಗಾಗಿ ನಾಲ್ಕಕ್ಕೆ ಮುಗಿಸುತ್ತೇವೆ. ಜಾತಿ, ಆದಾಯದ ಸರ್ಟಿಫಿಕೇಟು ಇಲ್ಲದವರು ಹೆಸರು ಬರೆಸಿ, ತಾಲ್ಲೂಕು ಆಫೀಸಿಗೆ ಒಟ್ಟಿಗೇ ಹೋಗೋಣ. ಸೀಟು ಸಿಕ್ಕವರು ಯಾವ ಕಾಲೇಜಾದರೂ ಸರಿ, ಸೇರುವ ದಿನ ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ. ಅನಾಟಮಿ ವೈವಾದ ಹಿಂದಿನ ರಾತ್ರಿ ಫೋನು ಎತ್ತುತ್ತೇವೆ.

ಐದನೆಯವನ ಊರಿಗೆ ಹೋದ ತಿಂಗಳು ಹೋಗಿದ್ದೆವು. ಟೀ ಕೊಟ್ಟ, ಮಾತು ಕಡಿಮೆ ಆಡಿದ. ಹೊರಡುವಾಗ ಒಳಗೆ ಹೋಗಿ ಟ್ರಂಕಿನಿಂದ ಅವತ್ತಿನ ಅನಾಟಮಿ ಪುಸ್ತಕ ತಂದು ಕೈಗಿಟ್ಟ. ಅದನ್ನು ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇವೆ. ಮೊದಲು ಸೀಟು ಪಡೆದವರು ತಗೊಂಡು ಹೋಗಿ.