ಗೋಣು ಹಾಕುವ ಹುಡುಗ



ಶ್ರಾವಣದ ಪ್ರವಚನದಲ್ಲಿ ಇಂದು ಒಂದು ದಿನದ ಮಟ್ಟಿಗೆ ಪುರಾಣವನ್ನು ಬದಿಗಿರಿಸಿದ್ದೇವೆ. ಕಾರಣವಿಷ್ಟೆ. ಹೋದ ವರ್ಷ ದಸರೆಯ ಮುಂಚೆ ಒಬ್ಬ ರೈತರು ಮಗನನ್ನು ಕರೆದುಕೊಂಡು ಮಠಕ್ಕೆ ಬಂದರು. "ಅಪ್ಪಾರೇ, ತೊಗರಿ ಮಾರಿದ ರೊಕ್ಕಾ ಎಲ್ಲಾ ಇವನ ಫೀಸಿಗೆ ಕಟ್ಟೀನ್ರಿ. ಕಲಬುರಗಿಗೆ ತಿರುಗಿ ಹೋಗಲ್ಲ ಅಂತ ಕುಂತಾನ್ರಿ. ಬುದ್ಧಿ ಹೇಳ್ರಿ" ಎಂದರು. ನಾವು ತಂದೆಯನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿದೆವು. ಬಹಳ ಹೊತ್ತಿನ ಮೇಲೆ ಹುಡುಗ ಬಾಯಿಬಿಟ್ಟ: "ಅಲ್ಲಿ ಎಲ್ಲಾರೂ ಶಾಣ್ಯಾರ ಅದಾರ್ರೀ. ನನಗೊಬ್ಬನಿಗೇ ಏನೂ ತಿಳಿಯಲ್ರಿ."

ಹನ್ನೆರಡನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ ಒಳ್ಳೆಯ ಗುಣಗಳನ್ನು ಪಡೆದ ಹುಡುಗ ಅವನು. ಅಲ್ಲಿ ಪಾಠವೆಲ್ಲ ಇಂಗ್ಲಿಷು. ಉಪನ್ಯಾಸಕರು "ತಿಳಿಯಿತೇ?" ಎಂದು ಕೇಳಿದಾಗ ಎಲ್ಲರೂ ಗೋಣು ಹಾಕುತ್ತಾರೆ, ಇವನೂ ಹಾಕುತ್ತಾನೆ. ಹೀಗೆ ಎರಡು ತಿಂಗಳು ಗೋಣು ಹಾಕಿ ಹಾಕಿ, ಕೊನೆಗೆ ಟ್ರಂಕು ಹೊತ್ತುಕೊಂಡು ಬಂದುಬಿಟ್ಟ.

ಆ ಗೋಣು ಹಾಕುವುದು ನಮಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷದವರಿದ್ದಾಗ ನಮ್ಮನ್ನು ದೂರದ ಒಂದು ಪಾಠಶಾಲೆಗೆ ಕಳುಹಿಸಿದರು. ಗುರುಗಳು ವ್ಯಾಕರಣವನ್ನು ವಿವರಿಸುತ್ತಿದ್ದುದು ಅರ್ಧ ಸಂಸ್ಕೃತದಲ್ಲಿ, ಅರ್ಧ ಹಿಂದಿಯಲ್ಲಿ. ನಮಗೆ ಬರುತ್ತಿದ್ದುದು ನಮ್ಮೂರ ಕನ್ನಡ ಒಂದೇ. ಒಂದು ಇಡೀ ಮಳೆಗಾಲ ಗೋಣು ಹಾಕಿದೆವು. ಒಂದು ದಿನ ಎದ್ದು ನಿಂತು ಶಬ್ದರೂಪ ಹೇಳು ಎಂದರು. ನಿಂತೆವು, ಅಷ್ಟೆ. ಸಹಪಾಠಿಗಳು ನಕ್ಕರು, ಅಂದು ರಾತ್ರಿ ಊಟವನ್ನೂ ತಪ್ಪಿಸಿದರು. ಆ ಶಿಕ್ಷೆ ಸರಿಯೆಂದು ನಾವು ಇಂದಿಗೂ ಒಪ್ಪುವುದಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬ ಹತ್ತಿರ ಕರೆದು, "ಮೊದಲ ವರ್ಷ ನನಗೂ ಏನೂ ತಿಳಿದಿರಲಿಲ್ಲ" ಎಂದ. ಆ ಮಾತಿನಿಂದ ವ್ಯಾಕರಣವೇನೂ ಬರಲಿಲ್ಲ. ಆದರೆ ಮರುದಿನ "ತಿಳಿಯಲಿಲ್ಲ" ಎಂದು ಹೇಳಲು ಬಾಯಿ ಬಂತು.

ಈ ಭಾಷೆಯ ಕಷ್ಟ ನಮ್ಮ ಭಾಗಕ್ಕೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಸೇಡಂ, ಚಿತ್ತಾಪುರದ ಕಡೆಯವರಿಗೆ ವಿಶ್ವವಿದ್ಯಾಲಯವೆಂದರೆ ಹೈದರಾಬಾದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾದಲ್ಲಿ ಬೋಧನೆ ಉರ್ದುವಿನಲ್ಲಿ ನಡೆಯುತ್ತಿತ್ತು. 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದ ಮೇಲೆ ಧಾರವಾಡದ ಕಡೆ ಮುಖ ಮಾಡಿದೆವು. ಕಲಬುರಗಿಯಲ್ಲಿ 1970ರಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಆಳಂದ ತಾಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯವೂ ಬಂತು. ದೂರ ಕಡಿಮೆಯಾಯಿತು. ಇಂದು ಆಡಕಿಯಿಂದ ಸೇಡಂಗೆ ಹೋಗಿ ಬಸ್ಸು ಹತ್ತಿದರೆ ಮಳಖೇಡ ದಾಟಿ ಕಲಬುರಗಿಗೆ ಇಳಿಯಬಹುದು. ಆದರೆ ತರಗತಿಯ ಬಾಗಿಲಲ್ಲಿ ಅಂದು ಉರ್ದು ಇದ್ದಂತೆ ಇಂದು ಇಂಗ್ಲಿಷು ನಿಂತಿದೆ. ಅದನ್ನು ದಾಟಲು ತಡವಾದರೆ ದಡ್ಡತನವೆಂದು ಏಕೆ ತಿಳಿಯಬೇಕು?

ಇನ್ನೊಂದು ನೋವಿದೆ. ಸಂವಿಧಾನದ 371ಜೆ ಕಲಮು 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಅನೇಕ ಮಕ್ಕಳಿಗೆ ಬೆಂಗಳೂರು, ಮೈಸೂರಿನ ಕಡೆಯೂ ಸೀಟು ದೊರೆಯುತ್ತಿದೆ. ಅಲ್ಲಿ ಕೆಲವರು "ನಿನ್ನದು ಸರ್ಟಿಫಿಕೇಟಿನ ಸೀಟು" ಎಂದು ಚುಚ್ಚುತ್ತಾರಂತೆ. ನಿಮ್ಮ ಮುತ್ತಜ್ಜಂದಿರು ಒಂದು ಪದವಿಗಾಗಿ ಪರಭಾಷೆಯ ಪಟ್ಟಣಕ್ಕೆ ಹೋಗಬೇಕಾಗಿತ್ತೆಂಬುದನ್ನು ಹಾಗೆ ಅನ್ನುವವರಿಗೆ ತಿಳಿಸಿ ಹೇಳಿರಿ. ಜಗಳ ಬೇಡ.

ಸಂಧಿಪ್ರಕರಣವನ್ನು ಶಾಲೆಯಲ್ಲಿ ಓದಿದ್ದೀರಿ. ಎರಡು ಅಕ್ಷರ ಎದುರಾದಾಗ ಒಂದು ಲೋಪವಾಗುತ್ತದೆ, ಇಲ್ಲವೆ ಹೊಸದೊಂದು ಆಗಮಿಸುತ್ತದೆ, ಇಲ್ಲವೆ ಒಂದರ ಸ್ಥಾನಕ್ಕೆ ಮತ್ತೊಂದು ಆದೇಶವಾಗಿ ಬರುತ್ತದೆ. (ಸ್ವಾಮಿಗಳು ಇಲ್ಲಿಯೂ ವ್ಯಾಕರಣ ತಂದರು ಎಂದು ನಗಬೇಡಿರಿ.) ಮಗ ರಜೆಗೆ ಬಂದಾಗ ಉಡುಪು ಬದಲಾಗಿರುತ್ತದೆ, ಮಾತಿನಲ್ಲಿ ನಾಲ್ಕು ಇಂಗ್ಲಿಷು ಶಬ್ದ ಸೇರಿರುತ್ತವೆ. ತಾಯಂದಿರು ಗಾಬರಿಯಾಗಬೇಕಿಲ್ಲ, ಅದು ಸಂಧಿಕಾರ್ಯ. ಆದರೆ ಸಂಧಿಯಾಗದೆ ಇದ್ದಂತೆಯೇ ಉಳಿಯುವುದಕ್ಕೂ ಶಾಸ್ತ್ರದಲ್ಲಿ ಒಂದು ಹೆಸರಿದೆ, ಪ್ರಕೃತಿಭಾವ. ಕಷ್ಟವಾದಾಗ ಮನೆಗೆ ಬಂದು ಹೇಳುವ ಅಭ್ಯಾಸವನ್ನು ಹಾಗೆಯೇ ಉಳಿಸಿಕೊಳ್ಳಿರಿ.

ಅದು ಉಳಿಯುವುದು ತಂದೆತಾಯಿಗಳ ಕೈಯಲ್ಲಿದೆ. ನೀವು ಫೋನಿನಲ್ಲಿ ಏನು ಕೇಳುತ್ತೀರಿ? "ಎಷ್ಟು ಮಾರ್ಕ್ಸ್ ಬಂದಾವು? ರೊಕ್ಕಾ ಎಷ್ಟು ಬೇಕು?" ಇವೆರಡೇ. ಫೇಲಾದವನು ಈ ಪ್ರಶ್ನೆಗೆ ಸುಳ್ಳನ್ನೇ ಹೇಳಬೇಕಾಗುತ್ತದೆ. ಒಮ್ಮೆ ಸುಳ್ಳು ಹೇಳಿದವನು ಮುಂದೆ ಫೋನನ್ನೇ ಎತ್ತುವುದಿಲ್ಲ. "ಯಾರ ಜೋಡಿ ಊಟ ಮಾಡ್ತೀಯಪ್ಪಾ? ಯಾವ ಪಾಠ ತಿಳಿಯವಲ್ದು?" ಎಂದು ಕೇಳಿ ನೋಡಿರಿ. ಹಿಂದೆ ವರ್ಷಕ್ಕೊಮ್ಮೆ ಇದ್ದ ಪರೀಕ್ಷೆ ಈಗ ಸೆಮಿಸ್ಟರಿಗೊಂದು. ದೀಪಾವಳಿ ಮುಗಿಯುವುದರಲ್ಲಿ ಬಾಗಿಲಿಗೆ ಬಂದಿರುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋದರೆ ಮತ್ತೆ ಬರೆಯಲು ಅವಕಾಶವಿದೆ. ಹುಡುಗ ಹೋದರೆ ಏನು ಮಾಡುತ್ತೀರಿ? ಕಠೋರವಾಗಿ ಆಡಿದೆವು, ಕ್ಷಮಿಸಿರಿ. ಪತ್ರಿಕೆಯಲ್ಲಿ ಅಂಥ ಸುದ್ದಿಗಳನ್ನು ಓದಿಯೇ ಆಡಿದ್ದೇವೆ.

ಹಿರಿಯ ವಿದ್ಯಾರ್ಥಿಗಳು ರ‍್ಯಾಗಿಂಗ್ ಮಾಡಿದರೆ ಸಹಿಸಿಕೊಂಡು ಇರಬೇಕಾಗಿಲ್ಲ. 1800-180-5522 ಎಂಬ ಸಂಖ್ಯೆಗೆ ದೂರು ಹೇಳಬಹುದು. ಮನಸ್ಸು ತೀರ ಭಾರವಾದರೆ 14416ಕ್ಕೆ ಕರೆ ಮಾಡಿರಿ. ಸರಕಾರವು 2022ರಲ್ಲಿ ಆರಂಭಿಸಿದ ಸೇವೆ, ಹಣ ಬೀಳುವುದಿಲ್ಲ. ತಾಯಂದಿರೂ ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿರಿ.

ಆ ರೈತರ ಮಗ ಎಂಟು ದಿನ ಮಠದಲ್ಲಿದ್ದು ತಿರುಗಿ ಹೋದ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿದವು. ಅದನ್ನು ಅವನೇ ಫೋನು ಮಾಡಿ ತಂದೆಗೆ ಹೇಳಿದ. ಇಂದು ಇಲ್ಲಿಗೂ ಬಂದಿದ್ದಾನೆ. ಪ್ರಸಾದವಾದ ಮೇಲೆ ಅವನೂ ಅವನ ಗೆಳೆಯರಿಬ್ಬರೂ ಬೇವಿನಮರದ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಬರುವ ಸೋಮವಾರ ಹೊರಡುವವರು ಹೋಗಿ ಅವರನ್ನು ಏನು ಬೇಕಾದರೂ ಕೇಳಿರಿ. ತಂದೆಗಳು ಅರ್ಧ ತಾಸು ದೂರ ಇರಬೇಕು.