ಕೆಲಸಕ್ಕೂ ಪ್ರಶ್ನೆಗೂ ಏನು ನಂಟು?

(ಲಾಸ್ ಆಲ್ಟೋಸ್‌ನಲ್ಲಿ ಬೇ ಏರಿಯಾ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತಿನ ವಿಷಯ ನಿಮ್ಮಲ್ಲಿ ಅನೇಕರಿಗೆ ಈಗಾಗಲೇ ತಲೆನೋವು ತಂದಿರುವಂಥದ್ದೇ. ಕೆಲಸಕ್ಕೆ ಅರ್ಜಿ ಹಾಕುತ್ತೇವೆ. ರೆಸ್ಯೂಮೆ ಕಳಿಸಿದ ಮೇಲೆ ಅದರಲ್ಲಿರುವುದನ್ನೇ ಮತ್ತೊಮ್ಮೆ ಪುಟಗಟ್ಟಲೆ ಟೈಪ್ ಮಾಡಬೇಕು. ಆಮೇಲೆ ಪ್ರಶ್ನೆಗಳು ಶುರು. ನಾಲ್ಕು ಜನ ಸೇರಿದ ಕಡೆ ನೀವೇ ಮೊದಲು ಮಾತಿಗಿಳಿಯುತ್ತೀರಾ? ನಿಮ್ಮ ಸಾಧನೆಗಳ ಬಗ್ಗೆ ಹೇಳಿಕೊಳ್ಳುವುದು ನಿಮಗೆ ಇಷ್ಟವೇ? ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಗುಂಡಿಗಳು. ಯಾವುದಾದರೂ ಒಂದನ್ನು ಒತ್ತಲೇಬೇಕು. ಮಾರನೆಯ ಬೆಳಗ್ಗೆ ಒಂದು ಸಾಲಿನ ಮಿಂಚೆ ಬರುತ್ತದೆ, ಕ್ಷಮಿಸಿ ಎಂದು. ಯಾಕೆ ಎಂದು ಕೇಳೋಣವೆಂದರೆ ಆ ವಿಳಾಸಕ್ಕೆ ಬರೆದದ್ದನ್ನು ಯಾರೂ ಓದುವುದಿಲ್ಲ.

ಎಚ್-1ಬಿ ವೀಸಾದಲ್ಲಿ ಇರುವವರಿಗೆ ಇದು ಬರೀ ಕಿರಿಕಿರಿಯ ಮಾತಲ್ಲ. ಕೆಲಸ ಹೋದರೆ ಇಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಮನೆ, ಮಕ್ಕಳ ಶಾಲೆ, ಎಲ್ಲವೂ ಆ 60 ದಿನಗಳ ಮೇಲೆ ನಿಂತಿರುತ್ತದೆ. ಅಂಥ ಹೊತ್ತಿನಲ್ಲಿ ನಾವು ಕಟ್ಟಿದ ಸಾಫ್ಟ್‌ವೇರ್ ಬಗ್ಗೆ ಯಾರೂ ಕೇಳುವುದಿಲ್ಲ, ನಮ್ಮ ಸ್ವಭಾವದ ಬಗ್ಗೆ ಕೇಳುತ್ತಾರೆ. ತನ್ನನ್ನು ತಾನು ಹೊಗಳಿಕೊಳ್ಳಬಾರದು, ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಕೇಳಿಸಿಕೊಂಡು ಬೆಳೆದವರು ನಾವು. ಇದ್ದದ್ದು ಇದ್ದ ಹಾಗೆ ಹೇಳಿದರೆ ‘ಮುಂದಾಳುತನ ಇಲ್ಲ’ ಎನ್ನಿಸಿಕೊಳ್ಳುವ ಭಯ. ಸುಳ್ಳು ಹೇಳೋಣವೆಂದರೆ ಪ್ರಾಮಾಣಿಕತೆ ಅಳೆಯುವ ಪ್ರಶ್ನೆ ಮುಂದಿನ ಪುಟದಲ್ಲೇ ಕಾದಿರುತ್ತದೆ.

ಈ ವ್ಯಾಪಾರ ಬೆಳೆದದ್ದು ನಮ್ಮ ನೆರೆಯಲ್ಲೇ. ಇಲ್ಲಿಂದ ಕೆಲವೇ ಮೈಲಿ ದೂರದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದ ಲೂಯಿಸ್ ಟರ್ಮನ್ 1916ರಲ್ಲಿ ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆ ಮಾಡಿದರು. ಮೆಕ್ಸಿಕನ್ ಮತ್ತು ಮೂಲನಿವಾಸಿ ಕುಟುಂಬಗಳ ಮಕ್ಕಳ ಮಂದಬುದ್ಧಿ ಅವರ ಜನಾಂಗದ್ದೇ ಗುಣವಿರಬೇಕು ಎಂಬರ್ಥದ ಮಾತನ್ನು ಅದೇ ವರ್ಷದ ತಮ್ಮ ಪುಸ್ತಕದಲ್ಲಿ ಬರೆದರು. ಮನೆಮಾತು ಬೇರೆ, ಬದುಕು ಬೇರೆ ಎಂಬುದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಇನ್ನು ಮೈಯರ್ಸ್-ಬ್ರಿಗ್ಸ್ ಪರೀಕ್ಷೆ. ಅದನ್ನು ಕಟ್ಟಿದ ತಾಯಿ ಮಗಳಿಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. 1975ರಲ್ಲಿ ಅದರ ಪ್ರಕಟಣೆಯನ್ನು ವಹಿಸಿಕೊಂಡದ್ದು ಆಗ ಪಾಲೊ ಆಲ್ಟೊದಲ್ಲಿದ್ದ ಒಂದು ಸಂಸ್ಥೆ. ಕೆಲಸಕ್ಕೆ ಜನರನ್ನು ಆರಿಸಲು ಇದನ್ನು ಬಳಸಬೇಡಿ ಎಂದು ಆ ಪ್ರಕಾಶಕರೇ ಹೇಳುತ್ತಾರೆ. ಕೇಳುವವರು ಯಾರು?

ಟರ್ಮನ್ನರ ಪರೀಕ್ಷೆಗೆ ನಮ್ಮ ನಾಡಿನಲ್ಲಿ ಒಂದು ಒಳ್ಳೆಯ ಉತ್ತರ ಸಿಕ್ಕಿತ್ತು. ಅದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಮುಂಬಯಿ ಪ್ರಾಂತ್ಯದ ಕನ್ನಡ ಭಾಗದಲ್ಲಿ ಕೆಲಸ ಮಾಡಿದ ವಿ. ವಿ. ಕಾಮತ್ ಎಂಬ ಶಿಕ್ಷಣತಜ್ಞರು ಸ್ಟ್ಯಾನ್‌ಫರ್ಡ್ ಪರೀಕ್ಷೆಯನ್ನು ಹಾಗೆಹಾಗೇ ಅನುವಾದ ಮಾಡಿ ಮಕ್ಕಳ ಮುಂದಿಡಲಿಲ್ಲ. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳ ಮೇಲೆ ಪ್ರಯೋಗಿಸಿ, ಯಾವ ವಯಸ್ಸಿನ ಮಗು ಯಾವ ಪ್ರಶ್ನೆಗೆ ಉತ್ತರಿಸುತ್ತದೆ ಎಂದು ನೋಡಿ, ಪ್ರಶ್ನೆಗಳನ್ನು ಹೊಸದಾಗಿ ಜೋಡಿಸಿದರು. 1934ರಲ್ಲಿ ಅದರ ವರದಿ ಬಂತು, 1940ರಲ್ಲಿ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಭಾರತದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಬಳಕೆಯಾಯಿತು. ಯಾರನ್ನು ಅಳೆಯುತ್ತೀರೋ ಅವರ ನಡುವೆಯೇ ಅಳತೆಗೋಲು ಸಿದ್ಧವಾಗಬೇಕು ಎಂಬುದು ಆ ಕೆಲಸದ ಪಾಠ.

ಇದೇ ಮಾತನ್ನು ಅಮೆರಿಕದವರು ಕೋರ್ಟಿಗೆ ಹೋಗಿ ಕಲಿಯಬೇಕಾಯಿತು. ನಾರ್ತ್ ಕೆರೊಲೈನಾದಲ್ಲಿ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿ ಇತ್ತು. ಅದರ ಡ್ಯಾನ್ ರಿವರ್ ಸ್ಥಾವರದಲ್ಲಿ ಕರಿಯ ಕೆಲಸಗಾರರಿಗೆ ಕೂಲಿ ವಿಭಾಗ ಬಿಟ್ಟು ಬೇರೆ ಜಾಗ ಇರಲಿಲ್ಲ. ಉದ್ಯೋಗದಲ್ಲಿ ತಾರತಮ್ಯ ಕೂಡದು ಎಂಬ ಕಾನೂನು ಜಾರಿಗೆ ಬಂದದ್ದು 1965ರ ಜುಲೈ 2ರಂದು. ಅದೇ ದಿನ ಕಂಪನಿ ಬೇರೆ ವಿಭಾಗಗಳಿಗೆ ಹೊಸದಾಗಿ ಸೇರುವವರಿಗೆ ಎರಡು ಸಿದ್ಧ ಪರೀಕ್ಷೆಗಳನ್ನು ಕಡ್ಡಾಯ ಮಾಡಿತು. ಕಲ್ಲಿದ್ದಲು ಸಾಗಿಸುವ ಕೆಲಸಕ್ಕೂ ಆ ಪರೀಕ್ಷೆಗೂ ಸಂಬಂಧ ಇದೆ ಎಂದು ತೋರಿಸಲು ಅದಕ್ಕೆ ಆಗಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ್ದು ಇಷ್ಟು: ಪರೀಕ್ಷೆಯಿಂದ ಒಂದು ಜನವರ್ಗ ಹೊರಗೆ ಉಳಿಯುತ್ತಿದ್ದರೆ, ಉದ್ದೇಶ ಒಳ್ಳೆಯದಿದ್ದರೂ ಸಾಲದು, ಆ ಪರೀಕ್ಷೆಗೂ ಕೆಲಸಕ್ಕೂ ನಂಟು ಇದೆ ಎಂದು ಮಾಲೀಕನೇ ತೋರಿಸಬೇಕು.

ನಮ್ಮ ಕ್ಯಾಲಿಫೋರ್ನಿಯಾದ್ದೇ ಇನ್ನೊಂದು ಪ್ರಕರಣ. ಟಾರ್ಗೆಟ್ ಅಂಗಡಿಗಳಲ್ಲಿ ಭದ್ರತಾ ಕೆಲಸಕ್ಕೆ ಬಂದವರಿಗೆ 704 ಸರಿ-ತಪ್ಪು ಪ್ರಶ್ನೆಗಳು. ಅವುಗಳಲ್ಲಿ ದೇವರು, ಪಾಪ, ಕ್ರಿಸ್ತನ ಮರುಬರುವಿಕೆ, ಲೈಂಗಿಕ ಒಲವು ಎಲ್ಲವೂ ಇದ್ದವು. ಅಂಗಡಿ ಕಳ್ಳರನ್ನು ಹಿಡಿಯುವುದಕ್ಕೂ ಕ್ರಿಸ್ತ ಮರಳಿ ಬರುವುದಕ್ಕೂ ಏನು ಸಂಬಂಧ? ಧಾರವಾಡದ ಲಿಂಗಾಯತನೋ ಮೂಡಬಿದಿರೆಯ ಜೈನನೋ ಇದಕ್ಕೆ ಏನೆಂದು ಉತ್ತರ ಕೊಡಬೇಕು? 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಅರ್ಜಿದಾರರ ಪರ ನಿಂತಿತು. ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಡುವ ಮೊದಲೇ, 1993ರಲ್ಲಿ, ಕಂಪನಿ ಹಣ ಕೊಟ್ಟು ರಾಜಿ ಮಾಡಿಕೊಂಡಿತು. ಹಾಗಾಗಿ ಆ ತೀರ್ಪು ಮೇಲ್ಪಂಕ್ತಿಯಾಗಿ ಉಳಿಯಲಿಲ್ಲ.

ಈಗ ಪ್ರಶ್ನೆ ಕೇಳುವುದೂ ಯಂತ್ರ, ತಿರಸ್ಕರಿಸುವುದೂ ಯಂತ್ರ. ಪ್ಲೆಸಂಟನ್‌ನ ವರ್ಕ್‌ಡೇ ಕಂಪನಿಯ ಸಾಫ್ಟ್‌ವೇರ್ ವಯಸ್ಸಾದವರನ್ನು ಜರಡಿ ಹಿಡಿದು ಹೊರಗಿಡುತ್ತದೆ ಎಂಬ ಆರೋಪದ ಮೊಕದ್ದಮೆ 2023ರಲ್ಲಿ ಶುರುವಾಯಿತು. ಕಂಪನಿ ಆರೋಪವನ್ನು ಅಲ್ಲಗಳೆದಿದೆ. 2025ರ ಮೇ ತಿಂಗಳಲ್ಲಿ, 40 ದಾಟಿದ ಬೇರೆ ಅರ್ಜಿದಾರರೂ ಇದರಲ್ಲಿ ಸೇರಬಹುದು ಎಂದು ಕೋರ್ಟ್ ಹೇಳಿತು. ಈ ಸಭೆಯಲ್ಲಿ 40 ದಾಟಿದವರು ಎಷ್ಟು ಜನ ಎಂದು ಕೈ ಎತ್ತಿಸುವುದಿಲ್ಲ, ಹೆದರಬೇಡಿ! 2025ರ ಅಕ್ಟೋಬರ್ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ನಿಯಮಗಳೂ ಬಂದಿವೆ. ಇಂಥ ಸ್ವಯಂಚಾಲಿತ ಆಯ್ಕೆಯ ದಾಖಲೆಗಳನ್ನು ಕಂಪನಿ ನಾಲ್ಕು ವರ್ಷ ಇಟ್ಟುಕೊಳ್ಳಬೇಕು. ತಿರಸ್ಕಾರ ಬಂದರೆ ನೀವೂ ನಿಮ್ಮ ಅರ್ಜಿ, ದಿನಾಂಕ, ಉತ್ತರ ಬಂದ ಹೊತ್ತು ಎಲ್ಲವನ್ನೂ ತೆಗೆದಿಡಿ.

ಇಷ್ಟು ನಮ್ಮ ಕಷ್ಟದ ಮಾತಾಯಿತು. ಆದರೆ ಇಲ್ಲಿ ಕುಳಿತಿರುವವರಲ್ಲಿ ಅನೇಕರು ಬೆಂಗಳೂರಿನ ಕಚೇರಿಗೆ ಜನರನ್ನು ಆರಿಸುವವರೂ ಹೌದು. ಇಲ್ಲಿ ಕೊಂಡ ಪರೀಕ್ಷೆಯನ್ನೇ ಅಲ್ಲಿಯ ಹುಡುಗರಿಗೂ ಹಚ್ಚುತ್ತೇವೆ. ಹಾವೇರಿಯಲ್ಲೋ ಚಾಮರಾಜನಗರದಲ್ಲೋ ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ, ಎಂಜಿನಿಯರಿಂಗ್ ಮುಗಿಸಿ ಬಂದ ಹುಡುಗಿಗೆ ಇಂಗ್ಲಿಷ್ ನುಡಿಗಟ್ಟು ಅರ್ಥವಾಗದೆ ಒಂದು ಗುಂಡಿ ಆಚೀಚೆಯಾದರೆ, ಯಂತ್ರ ಅದನ್ನು ಭಾಷೆಯ ತೊಡಕು ಎಂದು ಬರೆದುಕೊಳ್ಳುವುದಿಲ್ಲ, ಸ್ವಭಾವದ ದೋಷ ಎಂದು ಬರೆದುಕೊಳ್ಳುತ್ತದೆ. ಆಕೆ ಬರೆಯುವ ಪ್ರೋಗ್ರಾಮನ್ನು ಯಾರೂ ನೋಡುವುದೇ ಇಲ್ಲ. ಸರೋಜಿನಿ ಮಹಿಷಿ ವರದಿಯ ಕಾಲದಿಂದ 2024ರ ಜುಲೈನಲ್ಲಿ ತಡೆಹಿಡಿಯಲಾದ ಮಸೂದೆಯವರೆಗೆ ಮೀಸಲಾತಿಯ ಬಗ್ಗೆ ಬೇಕಾದಷ್ಟು ಗದ್ದಲ ಆಗಿದೆ. ಈ ಜರಡಿಯ ಬಗ್ಗೆ ಯಾರೂ ಮಾತಾಡಿದ್ದು ಕಾಣೆ.

ಈ ತಕ್ಕಡಿ ಕನ್ನಡದ ಪರವಾಗಿಯೂ ತೂಗುತ್ತದೆ. ಹಳ್ಳಿಯ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೆ ಕನ್ನಡ ಬರಬೇಕು ಎಂದರೆ ಸಂಕುಚಿತ ಬುದ್ಧಿ ಎನ್ನುವವರಿದ್ದಾರೆ. ಸಾಲ ಕೇಳಲು ಬಂದ ರೈತನ ಮಾತು ತಿಳಿಯುವುದೇ ಅಲ್ಲಿಯ ಕೆಲಸ. ಹಾಗಾದರೆ ಕನ್ನಡದ ಪರೀಕ್ಷೆಗೂ ಆ ಕೆಲಸಕ್ಕೂ ನೇರ ನಂಟು ಇದೆ. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂದು ಕೇಂದ್ರ ಸರ್ಕಾರ ಒಪ್ಪಿದ್ದು ಕನ್ನಡಿಗರು ಬಿಡದೆ ಕೇಳಿದ್ದರಿಂದ. ಕೇಳಿದರೆ ಸಿಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ನಿಮ್ಮ ಕಂಪನಿಗೆ ಯಾರಾದರೂ ಸ್ವಭಾವ ಪರೀಕ್ಷೆ ಮಾರಲು ಬಂದರೆ, ಸಹಿ ಹಾಕುವ ಮುನ್ನ ಮೂರು ಮಾತು ಕೇಳಿ. ಈ ಪ್ರಶ್ನೆಗೂ ಈ ಕೆಲಸಕ್ಕೂ ಏನು ನಂಟು? ಇದನ್ನು ಯಾವ ಜನರ ನಡುವೆ ಪರೀಕ್ಷಿಸಿ ನೋಡಿದ್ದೀರಿ, ಅವರಲ್ಲಿ ನಮ್ಮವರು ಇದ್ದರೇ? ತಪ್ಪಾಗಿ ಹೊರಬಿದ್ದವರು ಯಾರನ್ನು ಕೇಳಬೇಕು? ಉತ್ತರ ಬರದಿದ್ದರೆ ಕೊಳ್ಳಬೇಡಿ. ಅದರ ಬದಲು ಕೆಲಸದ್ದೇ ಒಂದು ತುಣುಕು ಕೊಟ್ಟು ಮಾಡಿಸಿ ನೋಡಿ. ಬೆಂಗಳೂರಿನ ಆಯ್ಕೆಯ ಸುತ್ತಿನಲ್ಲಿ ಕನ್ನಡದಲ್ಲಿ ವಿವರಿಸಲು ಬಯಸುವವರಿಗೆ ಹತ್ತು ನಿಮಿಷ ಬಿಡಿ. ಇಷ್ಟು ಮಾಡುವ ಅಧಿಕಾರ ಈ ಕೋಣೆಯಲ್ಲಿರುವ ಹಲವರ ಕೈಯಲ್ಲಿದೆ.

ಸಿರಿಗನ್ನಡಂ ಗೆಲ್ಗೆ!